ಜಾಲಿ ಇದ್ದಿಲಿನಿಂದ ಗ್ಯಾಸ್ ಗ್ರಿಲ್‌ಗೆ: ಹುಲಗಿಯ ಖಾನಾವಳಿಗೆ ನಾಲ್ಕು ಬರ್ನರಿನ ಒಲೆ ಕಟ್ಟಿದ ಲೆಕ್ಕ

ಕೊಪ್ಪಳ ತಾಲೂಕಿನ ಹುಲಗಿ ಹತ್ತಿರ ನಮ್ಮ ಕಾಕಾನ ಖಾನಾವಳಿ ಇದೆ. ಅದಕ್ಕೆ ನಾಲ್ಕು ಬರ್ನರಿನ ಗ್ಯಾಸ್ ಗ್ರಿಲ್ ಕಟ್ಟಿ ಮುಗಿಸಿದ್ದೇನೆ. ಈಗ ದಿನಾ ಸಂಜೆ ಮೀನು, ಕೋಳಿ ಎಲ್ಲ ಅದರ ಮೇಲೆಯೇ ಬೇಯುತ್ತವೆ. ಅಳತೆ, ಸಾಮಾನು, ಖರ್ಚು, ಕೆಲಸ ಎಲ್ಲಿ ಕೆಟ್ಟಿತು ಅನ್ನುವುದನ್ನು ಒಂದೊಂದಾಗಿ ಬರೆದಿಡುತ್ತೇನೆ. ವೆಲ್ಡಿಂಗ್ ಗೊತ್ತಿದ್ದವರು ಯಾರಾದರೂ ಇದನ್ನು ನೋಡಿಕೊಂಡೇ ಕಟ್ಟಬಹುದು.

1. ಹಳೆಯ ಒಲೆ ಯಾಕೆ ಹೋಯಿತು

ಹಳೆಯದು 18 ಗೇಜ್ ತಗಡಿನ ಉದ್ದನೆಯ ಡಬ್ಬಿ. ಬಳ್ಳಾರಿ ಜಾಲಿಯ ಇದ್ದಿಲು ಹಾಕಿ, ಪಕ್ಕದಿಂದ ಸಣ್ಣ ಫ್ಯಾನಿನಲ್ಲಿ ಗಾಳಿ ಊದುತ್ತಿದ್ದರು. ಜಾಲಿ ಇದ್ದಿಲು ಒಳ್ಳೆಯ ಇದ್ದಿಲೇ. ಗಟ್ಟಿ ಕಟ್ಟಿಗೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ನಮ್ಮ ಕಡೆ ಎಲ್ಲಿ ಬೇಕಾದರೂ ಸಿಗುತ್ತದೆ. ತೊಂದರೆ ಇದ್ದದ್ದು ಡಬ್ಬಿಗೆ.

ಬಿಚ್ಚಿ ನೋಡಿದಾಗ ತಳವೆಲ್ಲ ತೂತು. ಗೋಡೆಗಳು ಕೆಂಡದ ಮಟ್ಟದವರೆಗೆ ಪದರು ಪದರಾಗಿ ಉದುರುತ್ತಿದ್ದವು. ಅದರ ಮೇಲಿನ ಭಾಗ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಇದೇ ನನಗೆ ದಾರಿ ತೋರಿಸಿದ್ದು. ಗಾಳಿ ಊದಿದ ಕೆಂಡ 800 ಡಿಗ್ರಿ ದಾಟುತ್ತದೆ. ಸಾದಾ ಕಬ್ಬಿಣ 600 ಡಿಗ್ರಿಯ ಆಸುಪಾಸಿನಲ್ಲೇ ಸಿಪ್ಪೆ ಬಿಡಲು ಶುರು ಮಾಡುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ತಳದಲ್ಲಿ ಉಳಿದ ಬೂದಿ ತೇವ ಹಿಡಿದುಕೊಳ್ಳುತ್ತದೆ. ಅದಕ್ಕೆ ಮಸಾಲೆಯ ಉಪ್ಪು, ನಿಂಬೆರಸ ಸೇರುತ್ತದೆ. ಹಗಲು ಸುಡುವುದು, ರಾತ್ರಿ ತುಕ್ಕು. ತಗಡು ಎಷ್ಟು ದಿನ ತಾಳಬೇಕು?

ಅಲ್ಲಿ ಒಲೆ ಮುಂದೆ ನಿಲ್ಲುವ ಅಕ್ಕನಿಗೆ ಹೊಗೆಯಿಂದ ಕಣ್ಣು ಕೆಂಪಾಗಿಯೇ ಇರುತ್ತಿತ್ತು. ಹುಣ್ಣಿಮೆಯಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಜನ ಬಂದರೆ ಮಧ್ಯಾಹ್ನದಿಂದ ರಾತ್ರಿವರೆಗೆ ಬಿಡುವಿಲ್ಲ. ಒಲೆ ಬಾಳಿಕೆ ಬಂದರೆ ಸಾಲದು, ಅಕ್ಕನ ಕಣ್ಣು, ಎದೆಯೂ ಉಳಿಯಬೇಕು ಅನ್ನುವುದು ನನ್ನ ಮನಸ್ಸಿನಲ್ಲಿತ್ತು.

ಹಾಗಾಗಿ ಗ್ಯಾಸ್. ಬೆಂಕಿ ಪೈಪಿನ ತೂತಿನ ಮೇಲೆ ನಿಲ್ಲುತ್ತದೆ, ಡಬ್ಬಿಗೆ ತಾಗುವುದಿಲ್ಲ. ಬೂದಿ ಇಲ್ಲ. ಬಿಸಿಗೆ ಸವೆಯುವುದು ಮೂರೇ ಭಾಗ: ಬರ್ನರ್ ಪೈಪು, ಅದರ ಮೇಲಿನ ತಗಡು, ಸರಳಿನ ಜಾಳಿಗೆ. ಆ ಮೂರನ್ನೂ ಕೈಯಲ್ಲಿ ಎತ್ತಿ ತೆಗೆಯುವ ಹಾಗೆ ಮಾಡಿದರೆ ಒಲೆ ಹಾಳಾಯಿತು ಅಂತ ಇಡೀ ಒಲೆಯನ್ನೇ ಗುಜರಿಗೆ ಹಾಕಬೇಕಿಲ್ಲ. ಪೂರ್ತಿ ಕೆಲಸವನ್ನು ಈ ಒಂದು ಲೆಕ್ಕದ ಮೇಲೆ ಮಾಡಿದ್ದೇನೆ.

2. ಸಾಮಾನು ಆರಿಸಿದ್ದು

ಮೊದಲು ಬೇಡ ಅಂದದ್ದು ಜಿಐ ತಗಡು. ಅಗ್ಗ, ಹೊಳೆಯುತ್ತದೆ, ಕೊಪ್ಪಳದಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮೇಲಿನ ಲೇಪ ಸತು. ಸತು 419 ಡಿಗ್ರಿಗೇ ಕರಗುತ್ತದೆ. ವೆಲ್ಡಿಂಗ್ ಮಾಡುವಾಗ ಅದರ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ ಅಂತ ವೆಲ್ಡರ್‌ಗಳೆಲ್ಲರಿಗೂ ಗೊತ್ತು. ಊಟದ ಪದಾರ್ಥ ಬೇಯುವ ಬೆಂಕಿಯ ಹತ್ತಿರ ಅದನ್ನು ಇಡಬಾರದು.

ಬಿಸಿ ತಾಗುವ ಮೂರು ಭಾಗಕ್ಕೆ ಎಸ್‌ಎಸ್ 304, ಅಂದರೆ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಕ್ರೋಮಿಯಂ ಸುಮಾರು 18 ಪರ್ಸೆಂಟ್, ನಿಕಲ್ ಸುಮಾರು 8 ಪರ್ಸೆಂಟ್ ಇರುತ್ತದೆ. ಗುಜರಿಯಲ್ಲಿ ಇದರ ಜೊತೆ 202 ಗ್ರೇಡ್ ಬೆರೆತಿರುತ್ತದೆ. ಅದರಲ್ಲಿ ನಿಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್ ಜಾಸ್ತಿ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುತ್ತೇವೆ ಅನ್ನುವವರು ಬಹಳ ಜನ. ಅದು ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ. ಗುಜರಿಯವರ ಹತ್ತಿರ ಒಂದು ಸಣ್ಣ ಸೀಸೆ ಇರುತ್ತದೆ. ಅದರ ಒಂದು ಹನಿ ಹಾಕಿ 9 ವೋಲ್ಟ್ ಬ್ಯಾಟರಿ ತಾಗಿಸಿದರೆ 202 ಆಗಿದ್ದಲ್ಲಿ ಹನಿ ಕೆಂಪಾಗುತ್ತದೆ. ಆ ಪರೀಕ್ಷೆ ಮಾಡಿಸಿಯೇ ತಂದೆ. ಕೊಳ್ಳುವವರು ಸಂಕೋಚ ಪಡದೆ ಕೇಳಿ. ಕೆಜಿಗೆ ದುಡ್ಡು ಕೊಡುವವರು ನಾವು.

ಡಬ್ಬಿಗೂ ಸ್ಟ್ಯಾಂಡಿಗೂ ಸಾದಾ ಕಬ್ಬಿಣ ಸಾಕು. ಡಬ್ಬಿಗೆ 2 ಮಿ.ಮೀ ತಗಡು, ಕಾಲು ಮತ್ತು ಫ್ರೇಮಿಗೆ 35×35×5 ಆಂಗಲ್. ಇಲ್ಲಿ ಎಸ್‌ಎಸ್ ಹಾಕಿ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

3. ಡಬ್ಬಿ ಮತ್ತು ಸ್ಟ್ಯಾಂಡ್

ಒಳ ಅಳತೆ 750×400 ಮಿ.ಮೀ, ಎತ್ತರ 250. ನೆಲದಿಂದ ಜಾಳಿಗೆಯವರೆಗೆ 900 ಮಿ.ಮೀ. ಇದು ಅಕ್ಕನ ಮೊಣಕೈ ನೋಡಿ ಇಟ್ಟ ಅಳತೆ. ಬಗ್ಗಿ ನಿಂತು ಕೆಲಸ ಮಾಡಿದರೆ ಸೊಂಟ ಹೋಗುತ್ತದೆ.

ತಳ ಮುಚ್ಚಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂತುಕೊಳ್ಳುತ್ತದೆ. ತಳ ಮುಚ್ಚಿದ ಡಬ್ಬಿಯಲ್ಲಿ ಅದು ತುಂಬಿಕೊಂಡರೆ ಲೈಟರ್ ಹೊಡೆದಾಗ ಮುಖಕ್ಕೇ ಬೆಂಕಿ ಬರುತ್ತದೆ. ಅದಕ್ಕೇ ಡಬ್ಬಿಯ ಕೆಳಗೆ ಸುತ್ತಲೂ 40 ಮಿ.ಮೀ ಸಂದು ಬಿಟ್ಟು, ಕೊಬ್ಬು ಹಿಡಿಯುವ ತಟ್ಟೆಯನ್ನು ಎರಡು ಆಂಗಲ್ ಮೇಲೆ ಡ್ರಾಯರಿನ ಹಾಗೆ ಜಾರಿಸುವಂತೆ ಮಾಡಿದೆ. ತಟ್ಟೆ 18 ಗೇಜ್ ಎಸ್‌ಎಸ್. ಬರ್ನರಿಗೆ ಬೇಕಾದ ಗಾಳಿಯೂ ಇದೇ ಸಂದಿನಿಂದ ಬರುತ್ತದೆ.

4. ಬರ್ನರ್

ಹೆಚ್ಚು ಹೊತ್ತು ಹಿಡಿದದ್ದು ಇದು. ಹೆಚ್ಚು ಕಲಿಸಿದ್ದೂ ಇದೇ.

25 ಮಿ.ಮೀ ಎಸ್‌ಎಸ್ ಪೈಪು, ದಪ್ಪ 1.2 ಮಿ.ಮೀ, ಉದ್ದ 560. ಮುಂದಿನ 150 ಮಿ.ಮೀ ಭಾಗಕ್ಕೆ ತೂತಿಲ್ಲ. ಗ್ಯಾಸು, ಗಾಳಿ ಕಲೆಯಲು ಅಷ್ಟು ಜಾಗ ಬೇಕು. ಆಮೇಲೆ 380 ಮಿ.ಮೀ ಉದ್ದಕ್ಕೆ ಎರಡು ಸಾಲು ತೂತು. ಕೊನೆಯನ್ನು ಬಡಿದು ಚಪ್ಪಟೆ ಮಾಡಿ ವೆಲ್ಡ್ ಹೊಡೆದು ಮುಚ್ಚಿದೆ.

ಮೊದಲು ಒಂದೇ ಪೈಪು ಮಾಡಿ ನೋಡಿದೆ. ತೂತು 3.5 ಮಿ.ಮೀ ಹೊಡೆದಿದ್ದೆ, ದೊಡ್ಡ ಡ್ರಿಲ್ ಬಿಟ್ ಆದರೆ ಮುರಿಯುವುದಿಲ್ಲ ಅಂತ. ಪೂರ್ತಿ ತೆರೆದಾಗ ಚೆನ್ನಾಗಿಯೇ ಉರಿಯಿತು. ಕಾವು ಕಡಿಮೆ ಮಾಡಿದ ಕೂಡಲೇ "ಟಪ್" ಅಂತ ಸದ್ದು. ಉರಿ ತೂತಿನೊಳಗೆ ಇಳಿದು ಪೈಪಿನ ಬಾಯಲ್ಲಿ, ಗ್ಯಾಸು ಚಿಮ್ಮುವ ಜೆಟ್ಟಿನ ಹತ್ತಿರ ಉರಿಯಲು ಶುರುವಾಯಿತು. ಕಾಕ್, ಅಂದರೆ ಗ್ಯಾಸಿನ ತಿರುಪು, ತಕ್ಷಣ ಮುಚ್ಚಿದೆ. ಹಾಗೇ ಬಿಟ್ಟಿದ್ದರೆ ಕಾಕ್ ಸುಟ್ಟುಹೋಗುತ್ತಿತ್ತು. ತೂತು ದೊಡ್ಡದಾದರೆ ಗ್ಯಾಸು ನಿಧಾನವಾಗಿ ಹೊರಬರುತ್ತದೆ. ಉರಿ ಅದಕ್ಕಿಂತ ಬೇಗ ಹಿಂದಕ್ಕೆ ಓಡುತ್ತದೆ. ಆ ಪೈಪು ಕೆಲಸಕ್ಕೆ ಬರಲಿಲ್ಲ, ಪಕ್ಕಕ್ಕಿಟ್ಟೆ.

ಎರಡನೇ ಸಲ 2 ಮಿ.ಮೀ ತೂತು, ತೂತಿನಿಂದ ತೂತಿಗೆ 8 ಮಿ.ಮೀ, ಒಂದು ಸಾಲಿಗೆ 46. ಎರಡು ಸಾಲು ಸೇರಿ ಒಂದು ಪೈಪಿಗೆ 92. ಈಗ ಕಾಕ್ ಎಷ್ಟೇ ಕಡಿಮೆ ಮಾಡಿದರೂ ಉರಿ ಒಳಗೆ ಇಳಿಯುವುದಿಲ್ಲ. ಸಾಲುಗಳನ್ನು ನೇರ ಮೇಲೆ ಇಡದೆ ಎರಡೂ ಪಕ್ಕಕ್ಕೆ ವಾರೆಯಾಗಿ ಇಟ್ಟಿದ್ದೇನೆ, ಕೊಬ್ಬು ಬಿದ್ದರೂ ತೂತಿಗೆ ಇಳಿಯದಂತೆ.

ಎಸ್‌ಎಸ್‌ಗೆ 2 ಮಿ.ಮೀ ತೂತು ಹೊಡೆಯುವುದು ತಾಳ್ಮೆಯ ಕೆಲಸ. ಸಾದಾ ಬಿಟ್ ನಡೆಯುವುದಿಲ್ಲ, ಕೋಬಾಲ್ಟ್ ಬಿಟ್ ತನ್ನಿ. ಮೊದಲು ಸೆಂಟರ್ ಪಂಚ್ ಹಾಕಿ. ಸ್ಟ್ಯಾಂಡ್ ಡ್ರಿಲ್ ಇರಲಿ, ವೇಗ ಕಡಿಮೆ ಇರಲಿ, ಎಣ್ಣೆ ಬಿಡುತ್ತಿರಿ. ಬಿಟ್ ಸುಮ್ನೆ ತಿರುಗುತ್ತಾ ಉಜ್ಜಿದರೆ ಆ ಜಾಗ ಇನ್ನೂ ಗಟ್ಟಿಯಾಗುತ್ತದೆ, ಆಮೇಲೆ ಯಾವ ಬಿಟ್ಟಿಗೂ ಬಗ್ಗುವುದಿಲ್ಲ. ಒತ್ತು ಒಂದೇ ಸಮ ಇರಬೇಕು. ತೂತು ಮುಗಿದ ಮೇಲೆ ಒಳಗೆ ಏಳುವ ಮುಳ್ಳುಗಳನ್ನು ಉದ್ದ ಕಡ್ಡಿಯ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಬಿಟ್ಟರೆ ಉರಿ ಏರುಪೇರಾಗುತ್ತದೆ.

ಜೆಟ್ 0.9 ಮಿ.ಮೀ, ಹಿತ್ತಾಳೆಯದು. ಸ್ಟವ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಲೋ ಪ್ರೆಷರ್ ರೆಗ್ಯುಲೇಟರ್, ಅಂದರೆ ಮನೆಯ ಒಲೆಯ ಒತ್ತಡದ್ದೇ. ಹೈ ಪ್ರೆಷರ್ ಹಾಕಿ ಅಂತ ಸಲಹೆ ಬಂತು. ಬೇಡ ಅಂದೆ. ಆ ಒತ್ತಡಕ್ಕೆ ಪೈಪು, ಕಾಕ್ ಎಲ್ಲ ಬೇರೆಯೇ ಬೇಕು. ಸಂಜೆಯೆಲ್ಲ ಜನ ಕೂರುವ ಜಾಗದಲ್ಲಿ ಆ ಸಾಹಸ ಯಾಕೆ?

ಒಂದು ಬರ್ನರನ್ನು ಪೂರ್ತಿ ತೆರೆದು ಒಂದು ಗಂಟೆ ಉರಿಸಿ, ಮೊದಲೂ ಆಮೇಲೂ ಸಿಲಿಂಡರ್ ತೂಗಿದೆ. 230 ಗ್ರಾಂ ಹತ್ತಿರ ಇಳಿದಿತ್ತು. ನಾಲ್ಕೂ ಪೂರ್ತಿ ಉರಿದರೆ ಗಂಟೆಗೆ 900 ಗ್ರಾಂ ದಾಟುತ್ತದೆ, ಅಂದರೆ 19 ಕೆಜಿ ಸಿಲಿಂಡರ್ 20 ಗಂಟೆ. ನಿಜವಾಗಿ ನಾಲ್ಕೂ ಪೂರ್ತಿ ಬೇಕಾಗುವುದು ಶುರುವಿನಲ್ಲಿ, ಜಾಳಿಗೆ ಕಾಯುವವರೆಗೆ ಮಾತ್ರ.

ಪೈಪಿನ ಬಾಯಿಗೆ ಗಾಳಿ ಹೆಚ್ಚು ಕಡಿಮೆ ಮಾಡಲು ಒಂದು ತಗಡಿನ ಬಳೆ ಹಾಕಿದೆ. ಗಾಳಿ ಕಡಿಮೆಯಾದರೆ ಉರಿಯ ತುದಿ ಹಳದಿ, ಮೀನಿಗೆ ಮಸಿ. ಜಾಸ್ತಿಯಾದರೆ ಉರಿ ಬುಸ್ ಅನ್ನುತ್ತಾ ತೂತು ಬಿಟ್ಟು ಮೇಲೆ ಹಾರುತ್ತದೆ. ನೀಲಿ ಉರಿ, ಸದ್ದು ಕಡಿಮೆ, ತೂತಿಗೆ ಅಂಟಿ ನಿಂತಿರಬೇಕು. ಅಲ್ಲಿಗೆ ಬಳೆಯನ್ನು ಸ್ಕ್ರೂ ಬಿಗಿದು ನಿಲ್ಲಿಸಿದೆ.

ಇನ್ನೊಂದು ವಿಷಯ. ಪೈಪನ್ನು ಡಬ್ಬಿಗೆ ಎರಡೂ ಕಡೆ ಬೋಲ್ಟ್ ಹಾಕಿ ಬಿಗಿದಾಗ ಬಿಸಿಗೆ ಅದು ಬಿಲ್ಲಿನ ಹಾಗೆ ಬಾಗಿತು. 400 ಮಿ.ಮೀ ಎಸ್‌ಎಸ್ 500 ಡಿಗ್ರಿ ಬಿಸಿಯಾದರೆ 3 ಮಿ.ಮೀ‌ಗಿಂತ ಜಾಸ್ತಿ ಉದ್ದವಾಗುತ್ತದೆ. ಅದಕ್ಕೆ ಹೋಗಲು ಜಾಗ ಬೇಕಲ್ವಾ? ಈಗ ಮುಂದೆ ಒಂದು ಪಿನ್ನು, ಹಿಂದೆ ಸುಮ್ನೆ ಒಂದು ಆಧಾರದ ಮೇಲೆ ಕೂತಿದೆ, 5 ಮಿ.ಮೀ ಸಂದು ಇದೆ. ಪಿನ್ನು ಎಳೆದರೆ ಪೈಪು ಕೈಗೆ ಬರುತ್ತದೆ.

5. ಬರ್ನರಿನ ಮೇಲಿನ ತಗಡು

16 ಗೇಜ್ ಎಸ್‌ಎಸ್ ಪಟ್ಟಿ, 150 ಮಿ.ಮೀ ಅಗಲ, ನಡುವೆ ಮಡಚಿ ಮನೆಯ ಸೂರಿನ ಆಕಾರ. ಪ್ರತಿ ಬರ್ನರಿಗೂ ಒಂದು, 50 ಮಿ.ಮೀ ಮೇಲೆ. ಇದಿಲ್ಲದೆ ಕೋಳಿ ಕಾಲು ಸುಟ್ಟು ನೋಡಿದೆವು. ಕೊಬ್ಬು ನೇರ ಉರಿಗೆ ಬಿದ್ದು ಭಗ್ ಅಂತ ಹತ್ತಿಕೊಂಡಿತು. ಹೊರಗೆ ಕರಕಲು, ಮೂಳೆಯ ಹತ್ತಿರ ಹಸಿ.

ತಗಡು ಇಟ್ಟ ಮೇಲೆ ಕೊಬ್ಬು ಅದರ ಮೇಲೆ ಬಿದ್ದು ಚುಂಯ್ ಅಂತ ಹೊಗೆಯಾಗಿ ಏಳುತ್ತದೆ. ಕೆಂಡದ ಮೇಲೆ ಸುಟ್ಟ ರುಚಿ ಅನ್ನುವುದರಲ್ಲಿ ಬಹುಪಾಲು ಇದೇ ಹೊಗೆ. ಕಾಕಾ ಮೊದಲೇ ಹೇಳಿದ್ದ, "ಏನೇ ಮಾಡು, ಗಿರಾಕಿ ತಾಟು ವಾಪಸ್ ಕಳಿಸಬಾರದು ನೋಡಪಾ." ಅದಕ್ಕೆ ಇನ್ನೊಂದು ಕೂಡ ಮಾಡಿದೆ. ತೂತಿರುವ ಸಣ್ಣ ಎಸ್‌ಎಸ್ ಡಬ್ಬಿಯಲ್ಲಿ ಒಣಗಿದ ಜಾಲಿಯ ಎರಡು ಮೂರು ಚೂರು ಹಾಕಿ ತಗಡಿನ ಮೇಲೆ ಇಡುತ್ತೇವೆ. ಮಟನ್‌ಗೆ ಮಾತ್ರ. ಮೀನಿಗೆ ಅದು ಜಾಸ್ತಿಯಾಗುತ್ತದೆ.

6. ಜಾಳಿಗೆ

8 ಮಿ.ಮೀ ಎಸ್‌ಎಸ್ ಸರಳು, ನಡುವೆ 10 ಮಿ.ಮೀ ಸಂದು. ಬರ್ನರಿನಿಂದ 110 ಮಿ.ಮೀ ಮೇಲೆ. ಒಂದೇ ದೊಡ್ಡ ಜಾಳಿಗೆ ಮಾಡದೆ ಮೂರು ತುಂಡು ಮಾಡಿದೆ. ಒಂದೊಂದೂ ಎರಡೂವರೆ ಕೆಜಿ ಚಿಲ್ಲರೆ, ಅಕ್ಕ ಒಬ್ಬರೇ ಎತ್ತಿ ತೊಳೆಯಬಹುದು. ತುಂಡುಗಳ ನಡುವೆಯೂ 3 ಮಿ.ಮೀ ಬಿಟ್ಟಿದ್ದೇನೆ.

ವೆಲ್ಡಿಂಗ್‌ಗೆ ಎಸ್‌ಎಸ್ ಬೆಸೆಯುವ 308ಎಲ್ ರಾಡ್. ಸಾದಾ ರಾಡ್ ಹೊಡೆದರೆ ಎಸ್‌ಎಸ್ ಗಟ್ಟಿ ಇದ್ದರೂ ಜೋಡಿನಲ್ಲಿ ತುಕ್ಕು ಏಳುತ್ತದೆ. ಗ್ರೈಂಡರ್ ಚಕ್ರವೂ ಬೇರೆ ಇರಲಿ. ಕಬ್ಬಿಣಕ್ಕೆ ಬಳಸಿದ ಚಕ್ರವನ್ನೇ ಎಸ್‌ಎಸ್‌ಗೆ ಹಿಡಿದರೆ ಕಬ್ಬಿಣದ ಪುಡಿ ಅಂಟಿಕೊಂಡು ಅಲ್ಲಲ್ಲಿ ಕೆಂಪು ಚುಕ್ಕೆ ಬರುತ್ತದೆ. ಆಮೇಲೆ ಎಸ್‌ಎಸ್ ನಕಲಿ ಅಂತ ಅಂಗಡಿಯವನ ಮೇಲೆ ಜಗಳ.

7. ಗ್ಯಾಸ್ ಜೋಡಣೆ

ಅರ್ಧ ಇಂಚಿನ ಕಬ್ಬಿಣದ ಪೈಪಿಗೆ ನಾಲ್ಕು ಹಿತ್ತಾಳೆ ಕಾಕ್. ಥ್ರೆಡ್‌ಗೆ ಗ್ಯಾಸಿನ ಹಳದಿ ಟೇಪ್. ಐಎಸ್‌ಐ ಗುರುತಿನ ಸುರಕ್ಷಾ ಹೋಸ್ ಒಂದೂವರೆ ಮೀಟರ್, ಎರಡೂ ಕಡೆ ಕ್ಲಿಪ್ಪು. ಸಿಲಿಂಡರ್ ಗ್ರಿಲ್ಲಿನ ಕೆಳಗೆ ಅಲ್ಲ, ಪಕ್ಕದಲ್ಲಿ ಒಂದು ಮೀಟರ್ ದೂರ, ನೆರಳಿನಲ್ಲಿ, ನೇರ ನಿಂತಿರಬೇಕು. ಮಲಗಿಸಿದರೆ ಗ್ಯಾಸಿನ ಬದಲು ದ್ರವವೇ ಬರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಹೋಸ್ ಬಿಸಿಲಿಗೆ ಬೀಳಬಾರದು. ಹೋಸ್ ಮೇಲೆ ತಂದ ತಿಂಗಳು ಬರೆದಿಟ್ಟಿದ್ದೇನೆ. 5 ವರ್ಷಕ್ಕೆ ಬದಲಾಯಿಸಬೇಕು, ಇಲಿ ಕಡಿದರೆ ಆ ದಿನವೇ. ಖಾನಾವಳಿಗೆ ಕಮರ್ಷಿಯಲ್ ಸಿಲಿಂಡರೇ ಹಾಕಿ. ಮನೆಯ 14.2 ಕೆಜಿ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ.

ಕಾಕ್‌ಗಳೆಲ್ಲ ಮುಚ್ಚಿ, ರೆಗ್ಯುಲೇಟರ್ ತೆರೆದು, ಪ್ರತಿ ಜೋಡಿಗೂ ಸೋಪು ನೀರು ಹಚ್ಚಿದೆ. ಮೂರನೇ ಕಾಕ್ ಬುಡದಲ್ಲಿ ಗುಳ್ಳೆ ಬಂತು. ಬಿಚ್ಚಿ, ಟೇಪ್ ಹೊಸದಾಗಿ ಸುತ್ತಿ ಬಿಗಿದ ಮೇಲೆ ನಿಂತಿತು. ಕಡ್ಡಿ ಗೀರಿ ಸೋರಿಕೆ ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

8. ಉರಿಸಿ ನೋಡಿದ್ದು

ಜಾಳಿಗೆ ತುಂಬ ಬ್ರೆಡ್ ಹೋಳು ಹರಡಿ, ನಾಲ್ಕೂ ಬರ್ನರ್ ಮಧ್ಯಮ ಕಾವಿನಲ್ಲಿಟ್ಟು, ಎಲ್ಲಿ ಬೇಗ ಕೆಂಪಾಗುತ್ತದೆ ನೋಡಿದೆ. ಹಿಂದಿನ ಸಾಲು ಮೊದಲು ಕೆಂಪಾಯಿತು. ಪೈಪಿನ ಮುಚ್ಚಿದ ಕೊನೆಯಲ್ಲಿ ಒತ್ತಡ ಸ್ವಲ್ಪ ಜಾಸ್ತಿ, ಉರಿಯೂ ಎತ್ತರ. ಇದನ್ನು ಸರಿಪಡಿಸಲು ಹೋಗಲಿಲ್ಲ. ದಪ್ಪ ತುಂಡು ಹಿಂದೆ, ಮೀನು ಮುಂದೆ ಅಂತ ಅಕ್ಕ ಆಗಲೇ ಲೆಕ್ಕ ಹಾಕಿಕೊಂಡರು.

ಗಾಳಿ ಮಾತ್ರ ತಲೆ ತಿಂದಿತು. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಪಡುವಣದ ಅಂಚಿನ ಬರ್ನರ್ ಪದೇ ಪದೇ ಆರುತ್ತಿತ್ತು, ಆರಿದ್ದು ತಿಳಿಯದೆ ಗ್ಯಾಸು ಬರುತ್ತಲೇ ಇರುತ್ತಿತ್ತು. ಮೂರು ಕಡೆ 200 ಮಿ.ಮೀ ಎತ್ತರದ ತಗಡು ನಿಲ್ಲಿಸಿ, ಕೆಳಗಿನ ಸಂದಿಗೆ ಗಾಳಿ ಬರುವ ಬದಿಯಲ್ಲಿ ಮಾತ್ರ ತೂತಿನ ತಗಡು ಹಾಕಿದೆ. ಆಮೇಲೆ ಆರಿಲ್ಲ. ಆದರೂ ಗ್ರಿಲ್ ಬಿಟ್ಟು ಯಾರೂ ದೂರ ಹೋಗಬಾರದು ಅಂತ ನಿಯಮ ಮಾಡಿದ್ದೇವೆ.

9. ಖರ್ಚು

ಬರ್ನರ್ ಪೈಪು, ಕೆಟ್ಟದ್ದೂ ಸೇರಿ, ₹600. ಜಾಳಿಗೆಯ ಸರಳು, ಪಟ್ಟಿ 8 ಕೆಜಿ ₹2,080. ಮೇಲಿನ ತಗಡು ಮತ್ತು ತಟ್ಟೆ ₹1,700. ಕಬ್ಬಿಣ 30 ಕೆಜಿ ₹2,100. ಕಾಕ್, ಜೆಟ್, ಪೈಪು ₹1,000. ರೆಗ್ಯುಲೇಟರ್, ಹೋಸ್, ಕ್ಲಿಪ್ಪು ₹800. ರಾಡ್, ಚಕ್ರ, ಬಿಟ್ ₹1,350. ಒಟ್ಟು ₹9,630. ಕೂಲಿ ಇಲ್ಲ, ಕೆಲಸ ನನ್ನದೇ.

ದಿನದ ಖರ್ಚು: ಒಂದು ಸಂಜೆಗೆ 6 ಕೆಜಿ ಇದ್ದಿಲು ₹250 ಆಗುತ್ತಿತ್ತು. ಗ್ಯಾಸು 2 ಕೆಜಿ, ನಾವು ಸಿಲಿಂಡರ್‌ಗೆ ಕೊಟ್ಟ ₹1,850ರ ಲೆಕ್ಕದಲ್ಲಿ ₹195. ದೊಡ್ಡ ಉಳಿತಾಯ ಅಂತ ಹೇಳಲಾರೆ. ಸಿಲಿಂಡರ್ ಬೆಲೆ ಏರಿದರೆ ಅದೂ ಇರುವುದಿಲ್ಲ. ಲಾಭ ಬೇರೆ ಕಡೆ ಇದೆ. ಕೆಂಡ ಆಗಲು ಅರ್ಧ ಗಂಟೆ ಕಾಯಬೇಕಿತ್ತು, ಈಗ ಹತ್ತು ನಿಮಿಷ. ಗಿರಾಕಿ ಇಲ್ಲದಾಗ ಎರಡು ಬರ್ನರ್ ಆರಿಸಿ ಇಡಬಹುದು, ಕೆಂಡವನ್ನು ಹಾಗೆ ಆರಿಸಲಾಗುವುದಿಲ್ಲ. ಅಕ್ಕನ ಕಣ್ಣು ಕೆಂಪಾಗುವುದು ನಿಂತಿದೆ. ನನಗೆ ಇದೇ ದೊಡ್ಡದು.

ಹಾಗಂತ ಕೆಂಡವನ್ನು ಪೂರ್ತಿ ಬಿಟ್ಟಿಲ್ಲ. ಸೀತನಿ ಕಾಲದಲ್ಲಿ ಹಸಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲೇ ಸುಡಬೇಕು. ಗ್ಯಾಸಿನ ಮೇಲೆ ಹೊರಗಿನ ಕಾಳು ಸೀಯುತ್ತದೆ, ಒಳಗಿನದು ಹಾಗೇ ಇರುತ್ತದೆ. ಅದಕ್ಕೆ ಹೊಲದಲ್ಲಿ ಒಂದು ಗುಂಡಿ ಸಾಕು, ಯಾವ ಒಲೆಯೂ ಬೇಡ.

10. ನೋಡಿಕೊಳ್ಳುವುದು, ಮುಂದಿನ ಕೆಲಸ

ರಾತ್ರಿ ಕೆಲಸ ಮುಗಿದ ಮೇಲೆ ಐದು ನಿಮಿಷ ಪೂರ್ತಿ ಉರಿಸಿ, ತಂತಿ ಬ್ರಷ್ ಹಿಡಿದು, ಎಣ್ಣೆ ಬಟ್ಟೆ ಒರೆಸುತ್ತಾರೆ. ಬ್ರಷ್‌ನ ಕಡ್ಡಿ ಉದುರಿ ಊಟಕ್ಕೆ ಸೇರದ ಹಾಗೆ ಕೊನೆಗೆ ಒದ್ದೆ ಬಟ್ಟೆಯಿಂದ ಒಮ್ಮೆ ಎಳೆಯಬೇಕು. ತಟ್ಟೆಯ ಕೊಬ್ಬು ದಿನಾ ತೆಗೆಯಬೇಕು, ತುಂಬಿದರೆ ಅದಕ್ಕೇ ಬೆಂಕಿ ಹತ್ತುತ್ತದೆ. ಖಾನಾವಳಿ ಕೆಲವು ದಿನ ಮುಚ್ಚಿದ್ದಾಗ ಒಂದು ಪೈಪಿನ ಬಾಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಉರಿ ಹಳದಿಯಾದದ್ದರಿಂದ ಗೊತ್ತಾಯಿತು. ಈಗ ನಾಲ್ಕೂ ಬಾಯಿಗೆ ಸಣ್ಣ ಜಾಲರಿ ಕಟ್ಟಿದ್ದೇನೆ.

ಉಳಿದಿರುವುದು ಮುಚ್ಚಳ. ಇಡೀ ಕೋಳಿ ಬೇಯಬೇಕಾದರೆ ಮುಚ್ಚಳ ಬೇಕೇ ಬೇಕು. 200 ಲೀಟರ್ ಡ್ರಮ್ ಸೀಳಿ ಮಾಡು ಅಂತ ಕಾಕಾ ಹೇಳಿದ. ಗುಜರಿಯ ಡ್ರಮ್ಮಿನಲ್ಲಿ ಮೊದಲು ಏನಿತ್ತೋ ಯಾರಿಗೆ ಗೊತ್ತು? ಎಣ್ಣೆ, ಥಿನ್ನರ್ ಇದ್ದ ಡ್ರಮ್ಮಿಗೆ ಗ್ರೈಂಡರ್ ಹಿಡಿದರೆ ಸಿಡಿಯುತ್ತದೆ. ಹೊಸ 1.2 ಮಿ.ಮೀ ಎಸ್‌ಎಸ್ ತಗಡಿನಲ್ಲೇ 770×420 ಅಳತೆಗೆ, 250 ಮಿ.ಮೀ ಎತ್ತರಕ್ಕೆ ಮಾಡಿಸುತ್ತೇನೆ. ಹಿಂಜ್ ಹಿಂದಿನ ಫ್ರೇಮಿಗೆ, ಹೊಗೆ ಹೋಗಲು ಹಿಂದುಗಡೆ ಉದ್ದಕ್ಕೂ 25 ಮಿ.ಮೀ ಸಂದು.